ಉತ್ತರ: ಬ್ಲ್ಯಾಕ್‌ಫೇಸ್‌ಗೆ ಕನ್ನಡ ಪದ (ಶಿರಸಿಯ ಒಥೆಲೋ ಪ್ರದರ್ಶನದ ಫಲಕಕ್ಕೆ, ತುರ್ತು)

ಕಪ್ಪು ಜನರ ಪಾತ್ರಕ್ಕಾಗಿ ಬೇರೆಯವರು ಮುಖಕ್ಕೆ ಕಪ್ಪು ಬಳಿದುಕೊಳ್ಳುವ 'ಬ್ಲ್ಯಾಕ್‌ಫೇಸ್'ಗೆ ಕನ್ನಡ ಪದ ಕೇಳಿದ್ದೀರಿ. ಕಪ್ಪು ನಾಯಕನಿರುವ ಶೇಕ್ಸ್‌ಪಿಯರ್ ನಾಟಕ ಒಥೆಲೋದ ಫಲಕ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದ ಕೊಡುತ್ತೇನೆ: ಮಸಿವೇಷ.

ಬೇರೆಯವರು ಸೂಚಿಸಿದ ಪದಗಳಲ್ಲಿ 'ಕೃಷ್ಣವದನ' ಬೇಡವೇ ಬೇಡ. ಓದಿದವರು ದೇವರ ಪಾತ್ರ ಅಂದುಕೊಳ್ಳುತ್ತಾರೆ. 'ಕಪ್ಪುಮೊಗ' ಹುಟ್ಟಿನಿಂದ ಕಪ್ಪಾಗಿರುವ ಮುಖಕ್ಕೂ ಹೊಂದುತ್ತದೆ. ಬಳಿದುಕೊಂಡಿದ್ದು ಅನ್ನುವುದೇ ಅದರಲ್ಲಿಲ್ಲ. 'ಕರಿಬಣ್ಣದ ವೇಷ' ಎಂದವರು ಕುಮಟಾ, ಹೊನ್ನಾವರದ ಕಡೆ ಒಂದು ಆಟ ನೋಡಬೇಕಿತ್ತು. ಯಕ್ಷಗಾನದಲ್ಲಿ ಬಣ್ಣದ ವೇಷ ಅಂದರೆ ರಾಕ್ಷಸ. ಆಫ್ರಿಕಾ ಮೂಲದವರ ಬಗ್ಗೆ ಬರೆಯುವ ಫಲಕದಲ್ಲಿ ಆ ಮಾತು ಬಂದರೆ ಎಷ್ಟು ಕೆಟ್ಟದ್ದು, ಅಲ್ವಾ?

ಮಸಿ ಯಾಕೆ ಅಂದರೆ, ಅಲ್ಲಿ ಬಳಿದಿದ್ದು ಮಸಿಯನ್ನೇ. 1830ರ ದಶಕದಿಂದ ಅಮೆರಿಕದ ಮಿನ್‌ಸ್ಟ್ರೆಲ್ ಎಂಬ ಹಾಡು-ಹಾಸ್ಯದ ಆಟಗಳಲ್ಲಿ ಬಿಳಿಯ ನಟರು ಸುಟ್ಟ ಕಾರ್ಕ್ ಬಿರಡೆಯ ಪುಡಿ ಹಚ್ಚಿಕೊಂಡು ಗುಲಾಮರನ್ನು ಅಣಕಿಸುತ್ತಿದ್ದರು. 'ಮುಖಕ್ಕೆ ಮಸಿ ಬಳಿಯುವುದು' ನಮ್ಮಲ್ಲೂ ಅವಮಾನವೇ. ಆದರೆ ನಮ್ಮ ಮಾತಿನಲ್ಲಿ ಮಸಿ ಬಳಿಸಿಕೊಂಡವನಿಗೆ ಅವಮಾನ. ಅಲ್ಲಿ ಬಳಿದುಕೊಂಡವನಿಗೆ ಚಪ್ಪಾಳೆ, ರಂಗದ ಮೇಲೆ ಜಾಗವೇ ಸಿಗದವನಿಗೆ ಅವಮಾನ. ಅದಕ್ಕೇ 'ಮಸಿಮುಖ' ಸಾಲದು, 'ವೇಷ' ಸೇರಲೇಬೇಕು.

ಮಸಿಯೂ ಸಂಸ್ಕೃತ, ವೇಷವೂ ಸಂಸ್ಕೃತ ಅಂತ ತಕರಾರು ಬಂದೇ ಬರುತ್ತದೆ. ತಮಿಳಿನಲ್ಲಿ 'ಮೈ' ಅಂದರೆ ಕಾಡಿಗೆ, ಮಸಿ. ಅದನ್ನು ಮಸಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ಮಸಿಯನ್ನು ಅಷ್ಟು ಸುಲಭವಾಗಿ ಸಂಸ್ಕೃತಕ್ಕೆ ಬಿಟ್ಟುಕೊಡಲು ನಾನು ತಯಾರಿಲ್ಲ. ವೇಷ ಎರವಲೇ ಇರಲಿ. ಮೇಳದವರು ಸ್ತ್ರೀವೇಷ, ಪುಂಡುವೇಷ ಅನ್ನುವಾಗ ಯಾರೂ ಬೇರು ಕೇಳುವುದಿಲ್ಲ. ಅಚ್ಚಗನ್ನಡದ ಹೆಸರಿನಲ್ಲಿ ರಂಗದವರ ಬಾಯಲ್ಲಿರುವ ಪದವನ್ನೇ ಕಿತ್ತುಹಾಕುವುದನ್ನು ನಾನು ಒಪ್ಪುವುದಿಲ್ಲ. 'ಬ್ಲ್ಯಾಕ್‌ಫೇಸ್' ಅಂತಲೇ ಇರಲಿ ಅನ್ನುವವರಿಗೆ: ಮೊದಲ ಸಲ ಎರಡನ್ನೂ ಬರೆಯಿರಿ, ಆಮೇಲೆ ಮಸಿವೇಷ ಸಾಕು.

ಮೈಬಣ್ಣದ ತಾರತಮ್ಯಕ್ಕೆ 'ವರ್ಣಭೇದ' ಅನ್ನುವ ಪದ ಪತ್ರಿಕೆಗಳಲ್ಲಿ ಜಾಸ್ತಿ ಕಾಣುತ್ತದೆ, ಆದರೆ ನಮ್ಮ ಓದುಗರಿಗೆ ವರ್ಣ ಅಂದರೆ ಜಾತಿಯೂ ನೆನಪಾಗುತ್ತದೆ. ನೀವು ಹೇಳಬೇಕಾಗಿರುವುದು ಪಾತ್ರ ಹಂಚಿಕೆಯ ತಾರತಮ್ಯ. ಅಷ್ಟೇ ಬರೆಯಿರಿ, ಜೊತೆಗೆ ಉದಾಹರಣೆ ಕೊಡಿ. ಕಪ್ಪು ನಟ ಐರಾ ಆಲ್ಡ್ರಿಜ್ 1833ರಲ್ಲೇ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಒಥೆಲೋ ಆಗಿದ್ದರು. ಆದರೂ 1965ರ ಸಿನಿಮಾದಲ್ಲಿ ಲಾರೆನ್ಸ್ ಒಲಿವಿಯರ್ ಮುಖಕ್ಕೆ ಕಪ್ಪು ಬಳಿದುಕೊಂಡೇ ಅದೇ ಪಾತ್ರ ಮಾಡಿದರು. ನಟರು ಸಿಗಲಿಲ್ಲ ಅನ್ನುವ ನೆವ ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಂತೂ ಆ ನೆವ ಇನ್ನೂ ನಡೆಯಬಾರದು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಯರು ಇದ್ದಾರೆ. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತು ಬಂದ ಕಲಾವಿದರು. ನಿಮ್ಮ ತಂಡದಲ್ಲಿ ಒಥೆಲೋ ಪಾತ್ರ ಯಾರು ಮಾಡುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಸ್ಥಳೀಯ ಹುಡುಗನೊಬ್ಬನಿಗೆ ಕಪ್ಪು ಬಳಿದು ನಿಲ್ಲಿಸುವುದಾದರೆ ದಯವಿಟ್ಟು ಈ ಫಲಕ ಹಾಕಬೇಡಿ. ಮೊದಲು ಪಾತ್ರ ಹಂಚಿಕೆ ಸರಿಮಾಡಿ.