ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್: ಹಾಕಿಸಿದವರು ಅನುಭವ ಹೇಳಿ

ಪ್ರಶ್ನೆ

ನನ್ನದು 2 ಲೀಟರ್ ಟರ್ಬೊ ಪೆಟ್ರೋಲ್ ಕಾರು. ಸ್ಟೇಜ್ 1 ರೀಮ್ಯಾಪ್ ಆಗಿದೆ, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಹೆಚ್ಚಿಸಿದ್ದೇನೆ. ಮೊದಲ ಸಲ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಚೆನ್ನಾಗಿ ಎಳೆಯುತ್ತದೆ. ಅದರ ಬೆನ್ನಿಗೇ ಇನ್ನೆರಡು ಸಲ ಒತ್ತಿದರೆ ಪಿಕಪ್ ಕಡಿಮೆಯಾಗುತ್ತದೆ. ಬಿಸಿಲಿದ್ದರಂತೂ ಇನ್ನೂ ಮೋಸ. ಇಂಟರ್‌ಕೂಲರ್ (ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ಎಂಜಿನ್‌ಗೆ ಹೋಗುವ ಮುಂಚೆ ತಂಪು ಮಾಡುವ ಭಾಗ) ಬದಲಾಯಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಯಾವ ತರಹದ್ದು ತಗೊಳ್ಳಲಿ? ಎಷ್ಟು ದೊಡ್ಡದು? ಮತ್ತೆ ಟ್ಯೂನ್ ಮಾಡಿಸಬೇಕಾ? ಎಂಜಿನ್ ಹೀಟ್ ಆಗುತ್ತಾ?

ಮೊದಲ ಉತ್ತರ

ಸರ್, ನೀವು ಹೇಳುತ್ತಿರುವುದು ಗಾಳಿ ಬಿಸಿಯಾಗುವ ಲಕ್ಷಣವೇ ಇರಬಹುದು. ಆದರೂ ಮೊದಲು ಅಳೆಯಿರಿ, ಆಮೇಲೆ ದುಡ್ಡು ಹಾಕಿ. ಪಿಕಪ್ ಕಡಿಮೆಯಾಗಲು ಬೇರೆ ಕಾರಣಗಳೂ ಇರುತ್ತವೆ. ಸಡಿಲವಾದ ಹೋಸ್, ಸವೆದ ಸ್ಪಾರ್ಕ್ ಪ್ಲಗ್, ಸರಿಯಾಗಿ ಮುಚ್ಚಿಕೊಳ್ಳದ ವೇಸ್ಟ್‌ಗೇಟ್ (ಟರ್ಬೊದ ಒತ್ತಡವನ್ನು ಮಿತಿಯಲ್ಲಿಡುವ ವಾಲ್ವ್). ಇವು ಯಾವುವೂ ದೊಡ್ಡ ಇಂಟರ್‌ಕೂಲರ್ ಹಾಕಿದರೆ ಸರಿಹೋಗುವುದಿಲ್ಲ.

ಒಂದು ಲೆಕ್ಕ ನೋಡಿ. ಹೊರಗೆ 30 ಡಿಗ್ರಿ ಇದೆ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) 1 ಬಾರ್, ಟರ್ಬೊ ಕಂಪ್ರೆಸರ್‌ನ ದಕ್ಷತೆ ಶೇ. 70 ಅಂತ ಇಟ್ಟುಕೊಳ್ಳಿ. ಟರ್ಬೊದಿಂದ ಹೊರಬರುವ ಗಾಳಿ ಸುಮಾರು 125 ಡಿಗ್ರಿ ಇರುತ್ತದೆ. ಹೊರಗಿನ ಗಾಳಿಗಿಂತ ಜಾಸ್ತಿ ಇರುವ ಆ ಬಿಸಿಯಲ್ಲಿ ಶೇ. 70ರಷ್ಟನ್ನು ಇಂಟರ್‌ಕೂಲರ್ ತೆಗೆದರೆ ಎಂಜಿನ್‌ಗೆ ಸಿಗುವುದು 58 ಡಿಗ್ರಿ ಗಾಳಿ. ಶೇ. 85ರಷ್ಟು ತೆಗೆದರೆ 44 ಡಿಗ್ರಿ. ಅದೇ ಒತ್ತಡದಲ್ಲಿ ಈ 14 ಡಿಗ್ರಿ ಇಳಿದರೆ ಸಿಗುವ ಹೆಚ್ಚಿನ ಗಾಳಿ ಸುಮಾರು ಶೇ. 4 ಅಷ್ಟೇ. ಅದಕ್ಕಿಂತ ದೊಡ್ಡ ಲಾಭ ಟೈಮಿಂಗ್‌ನಲ್ಲಿ, ಅಂದರೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಸಮಯದಲ್ಲಿ, ಸಿಗುತ್ತದೆ. ಗಾಳಿ ಬಿಸಿಯಾದಷ್ಟೂ ಪೆಟ್ರೋಲ್ ಎಂಜಿನ್ ನಾಕ್ ಆಗುವ (ಇಂಧನ ತಾನಾಗಿಯೇ ಹೊತ್ತಿಕೊಂಡು ಬಡಿಯುವ) ಸಾಧ್ಯತೆ ಜಾಸ್ತಿ. ಅದನ್ನು ತಡೆಯಲು ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್ ತಡ ಮಾಡುತ್ತದೆ, ಕೆಲವು ಕಾರುಗಳಲ್ಲಿ ಬೂಸ್ಟನ್ನೂ ಇಳಿಸುತ್ತದೆ. ಎರಡನೇ, ಮೂರನೇ ಸಲ ಕಾರು ಸುಸ್ತಾದ ಹಾಗೆ ಅನ್ನಿಸುವುದು ಅದಕ್ಕೇ.

ಅಳೆಯುವುದು ಕಷ್ಟವೇನಲ್ಲ. ಒಬಿಡಿ ಪೋರ್ಟಿಗೆ (ಕಾರಿನ ದೋಷ ಪರೀಕ್ಷೆಯ ಸಾಕೆಟ್) ಸ್ಕ್ಯಾನರ್ ಹಾಕಿ, ಇನ್‌ಟೇಕ್ ಗಾಳಿಯ ಟೆಂಪರೇಚರ್, ಬೂಸ್ಟ್, ಟೈಮಿಂಗ್ ಮೂರನ್ನೂ ಒಟ್ಟಿಗೆ ಲಾಗ್ ಮಾಡಿ. ಟ್ರ್ಯಾಕ್‌ನಲ್ಲಿ ಮಾಡಿದರೆ ಒಳ್ಳೆಯದು. ಒಂದೇ ಜಾಗ, ಒಂದೇ ಗೇರ್, ಮೂರು ಸಲ ಬೆನ್ನುಬೆನ್ನಿಗೆ. ಒಂದು ಎಚ್ಚರಿಕೆ ಇದೆ. ಕೆಲವು ಕಾರುಗಳಲ್ಲಿ ಆ ಹೆಸರಿನಲ್ಲಿ ಕಾಣಿಸುವುದು ಏರ್ ಫಿಲ್ಟರ್ ಹತ್ತಿರದ ಸೆನ್ಸರ್. ಅದು ಟರ್ಬೊಗೆ ಹೋಗುವ ಮುಂಚಿನ ಗಾಳಿಯನ್ನು ಅಳೆಯುತ್ತದೆ, ನಮಗೆ ಉಪಯೋಗವಿಲ್ಲ. ಇಂಟರ್‌ಕೂಲರ್ ದಾಟಿದ ಮೇಲೆ ಇರುವ ಸೆನ್ಸರ್‌ನ ಅಂಕಿ ಬೇಕು.

ಟೆಂಪರೇಚರ್ ಹತ್ತು ಹದಿನೈದು ಡಿಗ್ರಿ ಏರಿ ಬೇಗ ಇಳಿದರೆ ಈಗಿರುವ ಇಂಟರ್‌ಕೂಲರೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಸಲವೂ ಹಿಂದಿನದಕ್ಕಿಂತ ಮೇಲೆ ಹೋಗುತ್ತಾ, ಜೊತೆಗೆ ಟೈಮಿಂಗ್ ಇಳಿಯುತ್ತಾ ಬಂದರೆ ಬದಲಾಯಿಸಿ. ಟೆಂಪರೇಚರ್ ಸರಿಯಿದ್ದು ಬೂಸ್ಟ್ ಮಾತ್ರ ಬಿದ್ದರೆ ಲೀಕ್ ಹುಡುಕಿ.

ಎರಡನೇ ಉತ್ತರ

ಕೋರ್ ಬಗ್ಗೆ, ಅಂದರೆ ಇಂಟರ್‌ಕೂಲರ್‌ನಲ್ಲಿ ಗಾಳಿ ತಂಪಾಗುವ ನಡುಭಾಗದ ಬಗ್ಗೆ, ನಾನು ಹೇಳುತ್ತೇನೆ. ಅದರಲ್ಲಿ ಎರಡು ತರಹ: ತೆಳು ಕೊಳವೆಗಳ ನಡುವೆ ಫಿನ್ (ತೆಳು ಲೋಹದ ಎಲೆ) ಇರುವ ಟ್ಯೂಬ್ ಅಂಡ್ ಫಿನ್, ಪಟ್ಟಿ ಮತ್ತು ತಗಡುಗಳನ್ನು ಜೋಡಿಸಿ ಮಾಡಿದ ಬಾರ್ ಅಂಡ್ ಪ್ಲೇಟ್. ಎರಡನ್ನೂ ಓಡಿಸಿದ್ದೇನೆ.

ಟ್ಯೂಬ್ ಅಂಡ್ ಫಿನ್ ಹಗುರ. ಅದರ ಮೂಲಕ ಹೊರಗಿನ ಗಾಳಿ ಸುಲಭವಾಗಿ ಹಾದು ಹಿಂದಿನ ರೇಡಿಯೇಟರಿಗೂ ತಲುಪುತ್ತದೆ. ಬಾರ್ ಅಂಡ್ ಪ್ಲೇಟ್ ಭಾರ, ಗಟ್ಟಿ, ಕಲ್ಲು ಬಡಿದರೂ ಬೇಗ ಹಾಳಾಗುವುದಿಲ್ಲ. ಅದು ದಪ್ಪ ಕಬ್ಬಿಣದ ಕಾವಲಿಯ ಹಾಗೆ: ಕಾಯಲು ಹೊತ್ತು ಬೇಕು, ಕಾದ ಮೇಲೆ ಆರಲೂ ಹೊತ್ತು ಬೇಕು. ಆಗಾಗ ಸ್ವಲ್ಪ ಹೊತ್ತು ಮಾತ್ರ ಜೋರಾಗಿ ಓಡಿಸುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಟ್ರ್ಯಾಕ್‌ನಲ್ಲಿ ಬಿಡದೆ ಸುತ್ತು ಹಾಕುವವರಿಗೆ ಎಷ್ಟು ಗಾಳಿ ಹಾದುಹೋಗುತ್ತದೆ ಅನ್ನುವುದೇ ಮುಖ್ಯ. ಅಲ್ಲಿ ಒಳ್ಳೆಯ ಟ್ಯೂಬ್ ಅಂಡ್ ಫಿನ್ ಯಾವುದಕ್ಕೂ ಕಡಿಮೆಯಿಲ್ಲ.

ಎಷ್ಟು ದೊಡ್ಡದು ಅಂತ ಕೇಳಿದ್ದೀರಿ. ದಪ್ಪಕ್ಕಿಂತ ಮುಖದ ಅಗಲ, ಎತ್ತರ ನೋಡಿ. ಎದುರಿನಿಂದ ಬರುವ ಗಾಳಿ ಮುಂದಿನ ಪದರದಲ್ಲೇ ಬಿಸಿಯಾಗುತ್ತದೆ. ದಪ್ಪ ಕೋರ್‌ನ ಹಿಂಭಾಗಕ್ಕೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ಇನ್ನೊಂದು, ಒತ್ತಡ ನಷ್ಟ. ಟರ್ಬೊ ಕಡೆ ಮತ್ತು ಎಂಜಿನ್ ಕಡೆ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಮಾರುವವರನ್ನು ಕೇಳಿ. ಅಂಕಿ ಕೊಡದವರ ಹತ್ತಿರ ನಾನು ತಗೊಳ್ಳುವುದಿಲ್ಲ. ನಷ್ಟ ಜಾಸ್ತಿಯಾದರೆ ಅದೇ ಬೂಸ್ಟ್ ಕೊಡಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಬೇಕು, ಗಾಳಿ ಇನ್ನಷ್ಟು ಕಾಯುತ್ತದೆ. ಎಂಡ್ ಟ್ಯಾಂಕ್ (ಕೋರ್‌ನ ತುದಿಯಲ್ಲಿರುವ, ಪೈಪ್ ಸೇರುವ ಡಬ್ಬಿ) ಒಳಗೆ ಬೆರಳು ಹಾಕಿ ನೋಡಿ. ವೆಲ್ಡಿಂಗ್ ಉಬ್ಬುಗಳು, ತಟ್ಟನೆ ಬರುವ ಮೂಲೆಗಳು ಇರಬಾರದು.

ಲ್ಯಾಗ್ (ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಬಗ್ಗೆ ಹೆದರಿಸುವವರು ಬಹಳ. ನಿಮ್ಮ 2 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಲೀಟರಿನ ಹತ್ತಿರ ಗಾಳಿ ಎಳೆಯುತ್ತದೆ. ಹೊಸ ಕೋರ್‌ನಿಂದ 5 ಲೀಟರ್ ಜಾಗ ಹೆಚ್ಚಾದರೆ ಅದು ತುಂಬಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ದಿನದ ಓಡಾಟದಲ್ಲಿ ಗೊತ್ತೇ ಆಗುವುದಿಲ್ಲ.

ಮೂರನೇ ಉತ್ತರ

ಎಲ್ಲರೂ ಕೋರ್ ಬಗ್ಗೆಯೇ ಮಾತಾಡುತ್ತಾರೆ, ಅದಕ್ಕೆ ಗಾಳಿ ತಲುಪಿಸುವ ದಾರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಇದು ತುಂಬಾ ಬೇಸರದ ವಿಷಯ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಗ್ರಿಲ್‌ಗೂ ಕೋರ್‌ಗೂ ನಡುವೆ ಸಂದು ಬಿಟ್ಟರೆ ಗಾಳಿ ಪಕ್ಕದಿಂದ ಜಾರಿಹೋಗುತ್ತದೆ. ಫ್ಯಾಕ್ಟರಿಯವರು ಹಾಕಿರುವ ಪ್ಲಾಸ್ಟಿಕ್ ಡಕ್ಟ್ ಅನ್ನು ದೊಡ್ಡ ಕೋರ್ ಕೂರಿಸುವಾಗ ಕಿತ್ತು ಹಾಕುವವರೇ ಜಾಸ್ತಿ. ಅದನ್ನು ಕತ್ತರಿಸಿ ಹೊಂದಿಸಿ ಮತ್ತೆ ಹಾಕಿಸಿ. ಉಳಿದ ಸಂದುಗಳಿಗೆ ಬಿಸಿ ತಡೆಯುವ ಫೋಮ್ ಪಟ್ಟಿ ಅಂಟಿಸಿ. ಹಳೆಯ ಇಂಟರ್‌ಕೂಲರ್ ಇರುವಾಗಲೇ ಇದನ್ನು ಮಾಡಿ ನೋಡಿ, ಅಷ್ಟರಿಂದಲೇ ಲಾಗ್‌ನಲ್ಲಿ ವ್ಯತ್ಯಾಸ ಕಾಣಬಹುದು. ಫಿನ್‌ಗಳ ನಡುವಿನ ಮಣ್ಣು, ಹುಳುಗಳನ್ನೂ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಷರ್ ಬೇಡ, ಫಿನ್ ಮಡಚಿಕೊಳ್ಳುತ್ತವೆ.

ಎಂಜಿನ್ ಹೀಟ್ ಬಗ್ಗೆ: ಮುಂದೆ ಕೂರುವ ಇಂಟರ್‌ಕೂಲರ್ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿಗೆ ಅಡ್ಡ ಬರುತ್ತದೆ. ಕೂಲೆಂಟ್ ಹಳೆಯದಾಗಿದ್ದರೆ, ಫ್ಯಾನ್ ಸರಿಯಿಲ್ಲದಿದ್ದರೆ ಅವನ್ನು ಮೊದಲು ಸರಿಮಾಡಿಸಿ. ಎರಡೂ ಸರಿಯಿದ್ದರೆ ಮಾಮೂಲಿ ಓಡಾಟದಲ್ಲಿ ತೊಂದರೆ ಬರುವುದು ಕಡಿಮೆ.

ನಾಲ್ಕನೇ ಉತ್ತರ

ನನ್ನದು ಸುಬಾರು ಡಬ್ಲ್ಯುಆರ್‌ಎಕ್ಸ್. ಇಂಟರ್‌ಕೂಲರ್ ಎಂಜಿನ್ ಮೇಲೆಯೇ ಕೂತಿದೆ, ಬಾನೆಟ್‌ನ ಸ್ಕೂಪ್‌ನಿಂದ ಗಾಳಿ. ಪೈಪ್ ಚಿಕ್ಕದು, ರೇಡಿಯೇಟರಿಗೆ ಅಡ್ಡವಿಲ್ಲ. ಆದರೆ ಟ್ರಾಫಿಕ್‌ನಲ್ಲಿ ನಿಂತರೆ ಎಂಜಿನ್ ಬಿಸಿಯೆಲ್ಲ ಅದಕ್ಕೇ. ಮಿತ್ಸುಬಿಷಿ ಎವೊ, ಸುಬಾರು ಎಸ್‌ಟಿಐಗಳಲ್ಲಿ ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸುವ ವ್ಯವಸ್ಥೆ ಫ್ಯಾಕ್ಟರಿಯಿಂದಲೇ ಬರುತ್ತಿತ್ತು. ನೀರು ಆವಿಯಾಗುವಾಗ ಬಿಸಿ ಎಳೆದುಕೊಳ್ಳುತ್ತದೆ. ನಾನೂ ಒಂದು ಹಾಕಿಸಿದ್ದೇನೆ, ಟ್ರ್ಯಾಕ್ ದಿನಗಳಲ್ಲಿ ನಿಜಕ್ಕೂ ನೆರವಾಗುತ್ತದೆ.

ಐದನೇ ಉತ್ತರ

ಡೀಸೆಲ್ ಇರುವವರಿಗೆ ಒಂದು ಮಾತು. ಇಂಟರ್‌ಕೂಲರ್ ಬಿಚ್ಚಿದಾಗ ಒಳಗೆ ತೆಳುವಾಗಿ ಆಯಿಲ್ ಪಸೆ ಇದ್ದರೆ ಗಾಬರಿ ಬೇಡ. ಸುರಿಯುವಷ್ಟಿದ್ದರೆ ಟರ್ಬೊ ಸೀಲ್ ಮತ್ತು ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಹೋಗುವ ದಾರಿ) ನೋಡಿಸಿ. ಆ ಆಯಿಲನ್ನೇ ಎಂಜಿನ್ ಎಳೆದುಕೊಂಡರೆ ಕೀ ಆಫ್ ಮಾಡಿದರೂ ನಿಲ್ಲದೆ ಓಡುವ ಅಪಾಯವಿದೆ. ಟರ್ಬೊ ಒಡೆದಿದ್ದರೆ ಹಳೆಯ ಇಂಟರ್‌ಕೂಲರ್ ತೊಳೆದು ಹಾಕುವ ಯೋಚನೆ ಬಿಡಿ. ಲೋಹದ ಚೂರುಗಳು ಫಿನ್‌ಗಳ ನಡುವೆ ಸಿಕ್ಕಿಕೊಂಡಿರುತ್ತವೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಸಂದುಗಳನ್ನೆಲ್ಲ ಮುಚ್ಚಿ ಅಳೆದೆ. ಹೊರಗೆ 31 ಡಿಗ್ರಿ. ಮೊದಲ ಎಳೆತದ ಕೊನೆಗೆ 54, ಮೂರನೆಯದರ ಕೊನೆಗೆ 73. ಬೂಸ್ಟ್ ಬಿದ್ದಿಲ್ಲ, ಟೈಮಿಂಗ್ ಇಳಿದಿದೆ. ಹಾಗಾದರೆ ಬದಲಾಯಿಸುತ್ತೇನೆ. ಟ್ಯೂನ್ ಬಗ್ಗೆ ಯಾರೂ ಹೇಳಲಿಲ್ಲ.

ಮೊದಲ ಉತ್ತರ ಕೊಟ್ಟವರು

ಈ ಅಂಕಿಗೆ ಬದಲಾಯಿಸುವುದೇ ಸರಿ, ಸರ್.

ಬೂಸ್ಟ್ ಹೆಚ್ಚಿಸುವ ಯೋಚನೆ ಇಲ್ಲದಿದ್ದರೆ ಹೊಸ ಟ್ಯೂನ್ ಬೇಕಾಗಿಲ್ಲ. ಗಾಳಿ ತಂಪಾದರೆ ಇಸಿಯು ತಾನು ಕಡಿಮೆ ಮಾಡಿದ್ದ ಟೈಮಿಂಗನ್ನು ತಾನೇ ವಾಪಸ್ ಕೊಡುತ್ತದೆ. ಮೊದಲ ಎಳೆತದಲ್ಲಿ ದೊಡ್ಡ ಬದಲಾವಣೆ ಕಾಣದಿರಬಹುದು, ಮೂರನೆಯದರಲ್ಲಿ ಖಂಡಿತ ಕಾಣುತ್ತದೆ. ಏರ್‌ಫ್ಲೋ ಸೆನ್ಸರ್ ಜಾಗ ಅಥವಾ ಅದರ ಪೈಪಿನ ಅಳತೆ ಬದಲಾದರೆ ಮಾತ್ರ ಟ್ಯೂನರ್ ಹತ್ತಿರ ಹೋಗಲೇಬೇಕು.

ಫಿಟ್ಟಿಂಗ್ ವಿಷಯದಲ್ಲಿ ಒಂದಕ್ಕೆ ಒಪ್ಪಬೇಡಿ. ಕೋರ್ ಕೂರಿಸಲು ಬಂಪರ್ ಹಿಂದಿನ ಕ್ರ್ಯಾಶ್ ಬೀಮ್ ಕತ್ತರಿಸುತ್ತೇವೆ ಅಂದರೆ ಬೇಡ ಅನ್ನಿ. ಡಿಕ್ಕಿಯಾದಾಗ ಪೆಟ್ಟು ತಡೆಯಲೆಂದೇ ಇರುವ ಭಾಗ ಅದು. ಸ್ವಲ್ಪ ಚಿಕ್ಕ ಕೋರ್ ಇದ್ದರೂ ಪರವಾಗಿಲ್ಲ. ಮುಂದೆ ರಾಡಾರ್ ಸೆನ್ಸರ್ ಇದ್ದರೆ ಅದನ್ನೂ ಅಲುಗಾಡಿಸದಂತೆ ಹೇಳಿ. ವಾರಂಟಿ, ಇನ್ಶೂರೆನ್ಸ್ ಷರತ್ತುಗಳನ್ನು ಮುಂಚೆಯೇ ಓದಿಕೊಳ್ಳಿ.

ಪೈಪಿನ ತುದಿಯಲ್ಲಿ ಉಬ್ಬಿದ ಅಂಚು ಇರಲಿ, ಇಲ್ಲದಿದ್ದರೆ ಬೂಸ್ಟ್ ಬಂದಾಗ ಹೋಸ್ ಕಳಚಿಕೊಳ್ಳುತ್ತದೆ. ಸಿಲಿಕೋನ್ ಹೋಸ್‌ಗೆ ಟಿ-ಬೋಲ್ಟ್ ಕ್ಲಾಂಪ್ ಒಳ್ಳೆಯದು. ಹೋಸ್ ಒಳಗೆ ಎಣ್ಣೆ ಪಸೆ ಇರದಂತೆ ಒರೆಸಿ ಹಾಕಿಸಿ. ಬಂಪರ್ ಮುಚ್ಚುವ ಮುಂಚೆಯೇ ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಲೀಕ್ ಹುಡುಕುವುದು) ಮಾಡಿಸಿ, ಆಮೇಲೆ ಎಲ್ಲ ಬಿಚ್ಚುವುದು ತಪ್ಪುತ್ತದೆ. ಹಾಕಿದ ಮೊದಲ ವಾರ ಓಡಿಸಿ, ಎಂಜಿನ್ ತಣ್ಣಗಾದಾಗ ಕ್ಲಾಂಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.