ಪಕ್ಷ ಯಾವುದೇ ಇರಲಿ, ವಾಷಿಂಗ್ಟನ್‌ಗೆ ಒಂದು ಗೆರೆ ಬೇಕಲ್ವಾ?

ಮಾಲಿನಿ, ಪಿಟ್ಸ್‌ಬರ್ಗ್:
ಈ ಸಲ ಯುಗಾದಿ ಊಟದಲ್ಲಿ ಪರಿಚಯದವರೊಬ್ಬರು "ನೀವು ಯಾವ ಪಕ್ಷ?" ಎಂದು ಕೇಳಿದರು. ಯಾವುದೂ ಅಲ್ಲ ಎಂದೆ. "ಓ, ನಿಮಗೆ ರಾಜಕೀಯ ಆಗಿಬರಲ್ಲ" ಎಂದು ಅವರೇ ತೀರ್ಮಾನಿಸಿಬಿಟ್ಟರು. ಬೇಜಾರಾಯಿತು. ಅಮೆರಿಕದ ಪೌರತ್ವ ಬಂದ ಮೇಲೆ ನಾನು ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಗವರ್ನರ್‌ಗೆ ಒಂದು ಪಕ್ಷ, ಸೆನೆಟ್‌ಗೆ ಇನ್ನೊಂದು ಪಕ್ಷ ಎಂದು ಮತ ಹಾಕಿದ್ದೂ ಇದೆ.

ನಾನು ನೋಡುವುದು ಇಷ್ಟು: ಈ ಕೆಲಸ ವಾಷಿಂಗ್ಟನ್, ಅಂದರೆ ಕೇಂದ್ರದ ಫೆಡರಲ್ ಸರ್ಕಾರ, ಮಾಡಬೇಕಾದದ್ದಾ, ಅಲ್ವಾ? ಸೇನೆ, ನಾಣ್ಯ, ಅಂಚೆ, ರಾಜ್ಯಗಳ ನಡುವಿನ ವ್ಯಾಪಾರ ಎಂದು ಸಂವಿಧಾನ ಹೆಸರಿಸಿಯೇ ಕೊಟ್ಟಿದೆ. ಹಾಗೆ ಕೊಡದೆ ಉಳಿದದ್ದು ರಾಜ್ಯಗಳದ್ದು, ಜನರದ್ದು. 1791ರ 10ನೇ ತಿದ್ದುಪಡಿ ಹೇಳುವುದು ಅದನ್ನೇ. ಆದರೆ ಎರಡೂ ಪಕ್ಷಗಳಿಗೆ ಈ ಗೆರೆ ನೆನಪಾಗುವುದು ಅಧಿಕಾರ ಕೈತಪ್ಪಿದಾಗ ಮಾತ್ರ.

ಸುದರ್ಶನ, ಡಲ್ಲಾಸ್:
ಮಾಲಿನಿ ಅವರೇ, ಗೆರೆ ಬೇಕು ಎನ್ನುವುದು ಸರಿ. ಆದರೆ ಆ ಮಾತನ್ನು ಬಾಯಲ್ಲಾದರೂ ಆಡುವುದು ರಿಪಬ್ಲಿಕನ್ನರೇ ಅಲ್ವಾ? ಹಾಗಿದ್ದರೆ ಅವರಿಗೇ ಮತ ಹಾಕಿ. ಮಧ್ಯದಲ್ಲಿ ನಿಂತರೆ ಯಾರ ಮೇಲೂ ಹಿಡಿತ ಇರಲ್ಲ.

ಮಾಲಿನಿ, ಪಿಟ್ಸ್‌ಬರ್ಗ್:
ಬಾಯಲ್ಲಿ ಆಡುತ್ತಾರೆ, ನಿಜ. 1984ರಲ್ಲಿ ಕುಡಿಯುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ವಾಷಿಂಗ್ಟನ್ ಕೊಡುವ ಹೆದ್ದಾರಿ ಹಣದಲ್ಲಿ ಕಡಿತ ಎಂಬ ಕಾನೂನಿಗೆ ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ರೇಗನ್. ಸೌತ್ ಡಕೋಟಾ ರಾಜ್ಯ ಅದರ ವಿರುದ್ಧ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಊರೂರಿನ ಶಾಲೆಗಳ ಪರೀಕ್ಷೆಗೆ ವಾಷಿಂಗ್ಟನ್ ಕೈ ಹಾಕಿದ ಕಾನೂನಿಗೆ 2002ರಲ್ಲಿ ಸಹಿ ಹಾಕಿದ್ದು ಅದೇ ಪಕ್ಷದ ಜಾರ್ಜ್ ಬುಷ್.

ನನಗೆ ಮುಖ್ಯ ಅನಿಸುವುದು 1997ರ ಪ್ರಿಂಟ್ಜ್ ತೀರ್ಪು. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡಿ ಎಂದು ಸ್ಥಳೀಯ ಪೊಲೀಸ್ ಮುಖ್ಯಸ್ಥರಾದ ಷೆರಿಫ್‌ಗಳಿಗೆ ಫೆಡರಲ್ ಸರ್ಕಾರ ಆಜ್ಞೆ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ಆಗ ಖುಷಿಪಟ್ಟದ್ದು ಬಂದೂಕಿನ ಪರ ಇದ್ದವರು. ಇಪ್ಪತ್ತು ವರ್ಷ ಕಳೆದು ಟ್ರಂಪ್ ಮೊದಲ ಸಲ ಅಧ್ಯಕ್ಷರಾದಾಗ, ವಲಸಿಗರನ್ನು ಹಿಡಿಯಲು ನಮ್ಮ ಪೊಲೀಸರನ್ನು ಬಳಸಬೇಡಿ ಎಂದು ಡೆಮಾಕ್ರಟಿಕ್ ನಗರಗಳು ಕೋರ್ಟಿಗೆ ಹೋದವು. ಅವು ಹಿಡಿದುಕೊಂಡದ್ದೂ ಅದೇ ತತ್ವವನ್ನು! ಗೆರೆ ಒಂದೇ. ಅದರ ಹಿಂದೆ ನಿಂತವರು ಬದಲಾದರು, ಅಷ್ಟೇ. ಅದಕ್ಕೇ ಅದನ್ನು ಯಾವ ಪಕ್ಷದ ಕೈಗೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಗೀತಾ, ನ್ಯೂಜೆರ್ಸಿ:
ಮಾಲಿನಿ, ನಿನಗಿಂತ ದೊಡ್ಡವಳು ನಾನು, ನೇರವಾಗಿ ಹೇಳ್ತೀನಿ. "ರಾಜ್ಯಗಳ ಹಕ್ಕು" ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಭಯ. 1957ರಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಹೋಗದಂತೆ ತಡೆದದ್ದು ಅಲ್ಲಿನ ಗವರ್ನರ್. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಿದ ಮೇಲೆ ಮಕ್ಕಳು ಒಳಗೆ ಹೋದರು. ನನ್ನ ಮಗಳು ವರ್ಜೀನಿಯಾದಲ್ಲಿ ಬಿಳಿಯ ಹುಡುಗನನ್ನು ಮದುವೆಯಾದಳು. 1967ರವರೆಗೆ ಅಲ್ಲಿ ಅಂಥ ಮದುವೆ ಅಪರಾಧ. ಸುಪ್ರೀಂ ಕೋರ್ಟ್ ತೆಗೆದುಹಾಕಿತು, ರಾಜ್ಯ ತಾನಾಗಿ ಬಿಡಲಿಲ್ಲ. ನಮ್ಮಂಥವರಿಗೆ ಆಸರೆಯಾದದ್ದು ವಾಷಿಂಗ್ಟನ್ನೇ ಅಮ್ಮಾ.

ಮಾಲಿನಿ, ಪಿಟ್ಸ್‌ಬರ್ಗ್:
ಗೀತಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಎಲ್ಲರಿಗೂ ಸಮಾನ ರಕ್ಷಣೆ ಎಂದು 1868ರ 14ನೇ ತಿದ್ದುಪಡಿ ರಾಜ್ಯಗಳ ಕೈ ಕಟ್ಟಿದೆ. ಮನುಷ್ಯರ ಹಕ್ಕಿನ ವಿಷಯದಲ್ಲಿ ಯಾವ ರಾಜ್ಯಕ್ಕೂ ವಿನಾಯಿತಿ ಬೇಡ. ಅಲ್ಲಿ ವಾಷಿಂಗ್ಟನ್ ಗಟ್ಟಿಯಾಗಿಯೇ ಇರಲಿ. ನಾನು ಬೇಡ ಎನ್ನುವುದು ಶಾಲೆಯ ಪಾಠ, ಊರಿನ ಪೊಲೀಸು, ಕುಡಿಯುವ ವಯಸ್ಸು, ಇಂಥದ್ದರಲ್ಲಿ ತಲೆಹಾಕುವುದನ್ನು. ಮೊದಲ ಬರಹದಲ್ಲಿ 10ನೆಯದನ್ನು ಹೇಳಿ 14ನೆಯದನ್ನು ಬಿಟ್ಟದ್ದು ನನ್ನ ತಪ್ಪು.

ಗೀತಾ, ನ್ಯೂಜೆರ್ಸಿ:
ಹಾಗೆ ಹೇಳಿದರೆ ಒಪ್ಪಬಹುದು. ಆದರೂ ಪೊಲೀಸರ ವಿಷಯ ಬರೀ ಊರಿನದು ಅಂತ ನನಗೆ ಅನಿಸಲ್ಲ.

ನಾಗರಾಜ, ಸ್ಯಾನ್ ಹೊಸೆ:
ತತ್ವ ಇರಲಿ, ಮಧ್ಯದವರ ಮತಕ್ಕೆ ಬೆಲೆ ಬರುವುದು ಹೇಗೆ? ಎಷ್ಟೋ ಕ್ಷೇತ್ರಗಳಲ್ಲಿ ಗೆಲ್ಲುವ ಪಕ್ಷ ಯಾವುದೆಂದು ಮೊದಲೇ ಗೊತ್ತು. ನಿಜವಾದ ಸ್ಪರ್ಧೆ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರು ಆರಿಸುವ ಮೊದಲ ಸುತ್ತಿನಲ್ಲೇ, ಮುಗಿದಿರುತ್ತದೆ. ಅಲ್ಲಿಗೆ ಬರುವುದು ಪಕ್ಷದ ಕಟ್ಟಾ ಜನ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಜನರೇ ಮತ ಹಾಕಿ ಅದನ್ನು ಬದಲಿಸಿದರು. ಈಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೂ ರಾಜ್ಯದ ಹುದ್ದೆಗಳಿಗೂ ಎಲ್ಲರದೂ ಒಂದೇ ಪ್ರೈಮರಿ. ಮೊದಲ ಇಬ್ಬರು ನವೆಂಬರ್‌ನ ಅಂತಿಮ ಚುನಾವಣೆಗೆ ಹೋಗುತ್ತಾರೆ, ಒಂದೇ ಪಕ್ಷದವರಾದರೂ ಸರಿ.

ಸುದರ್ಶನ, ಡಲ್ಲಾಸ್:
ಟೆಕ್ಸಾಸ್‌ನಲ್ಲಿ ಮತದಾರರಿಗೆ ಪಕ್ಷದ ನೋಂದಣಿಯೇ ಇಲ್ಲ. ಯಾವ ಪ್ರೈಮರಿ ಬೇಕೋ ಅದಕ್ಕೆ ಹೋಗಬಹುದು. ನಿಮ್ಮಲ್ಲಿ ಹೇಗೆ?

ಮಾಲಿನಿ, ಪಿಟ್ಸ್‌ಬರ್ಗ್:
ನಮ್ಮ ಪೆನ್ಸಿಲ್ವೇನಿಯಾದಲ್ಲಿ ಬಾಗಿಲು ಮುಚ್ಚಿದೆ. ಪಕ್ಷಕ್ಕೆ ಹೆಸರು ಬರೆಸದಿದ್ದರೆ ಅದರ ಪ್ರೈಮರಿಯಲ್ಲಿ ಅಭ್ಯರ್ಥಿ ಆರಿಸುವಂತಿಲ್ಲ. ನನ್ನ ತೆರಿಗೆಯಲ್ಲೇ ನಡೆಯುವ ಚುನಾವಣೆ, ನಾನು ಹೊರಗೆ. ಆದರೆ ಇದನ್ನು ವಾಷಿಂಗ್ಟನ್ ಬಂದು ಸರಿಮಾಡಲಿ ಎಂದು ನಾನು ಕೇಳುವುದಿಲ್ಲ. ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ನಲ್ಲಿರುವ ನಮ್ಮ ಶಾಸಕರಿಗೆ ನಿನ್ನೆ ರಾತ್ರಿ ಪತ್ರ ಬರೆದೆ. ನಾಗರಾಜ್, ಕ್ಯಾಲಿಫೋರ್ನಿಯಾದ ವಿಷಯವನ್ನೂ ಅದಕ್ಕೆ ಸೇರಿಸುತ್ತೇನೆ. ಪೆನ್ಸಿಲ್ವೇನಿಯಾದವರು ಇನ್ಯಾರಾದರೂ ಇದ್ದರೆ ಹೇಳಿ, ಒಟ್ಟಿಗೆ ಸಹಿ ಹಾಕಿ ಕಳಿಸೋಣ.