ಸಿಲಿಕಾದೊಳಗೆ ಚಿನ್ನದ ನ್ಯಾನೋಕಣ: ಚಿನ್ನ ಜಾಸ್ತಿ ಆದ್ರೆ ಪೀಕ್ ಯಾಕೆ ಅಗಲ ಆಗತ್ತೆ?

ಕೆಂಪುಗಾಜು: ಚಿನ್ನ, ಸಿಲಿಕಾ (ಗಾಜಿನಂಥ ಇನ್ಸುಲೇಟರ್) ಎರಡನ್ನೂ ಒಟ್ಟಿಗೆ ಸ್ಪಟರ್ ಮಾಡಿ, ಅಂದ್ರೆ ಅಯಾನುಗಳಿಂದ ಹೊಡೆದು ಪರಮಾಣು ಎಬ್ಬಿಸಿ ಕೂರಿಸಿ, ತೆಳು ಫಿಲ್ಮ್ ಮಾಡ್ತಿದೀನಿ. ಚಿನ್ನ ಕಮ್ಮಿ ಇದ್ದಾಗ 530 ನ್ಯಾನೋಮೀಟರ್ ಆಸುಪಾಸು ಬೆಳಕು ಹೀರೋ ಪೀಕ್ ಬರತ್ತೆ, ಫಿಲ್ಮ್ ಕೆಂಪಗೆ ಕಾಣತ್ತೆ, ಅಲ್ಲಿವರೆಗೂ ಓಕೆ. ಜಾಸ್ತಿ ಮಾಡ್ತಾ ಹೋದ್ರೆ ಪೀಕ್ ಉದ್ದ ತರಂಗಾಂತರದ ಕಡೆ ಜರುಗಿ ಅಗಲ ಆಗ್ತಾ ಆಗ್ತಾ ಇನ್‌ಫ್ರಾರೆಡ್‌ವರೆಗೂ ಹರಡ್ಕೊಂಡು ಕೊನೆಗೆ ಪೀಕ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಇಂಥ ಮಿಶ್ರಣದ ಬೆಳಕಿನ ಗುಣ ಲೆಕ್ಕ ಹಾಕೋ ಮ್ಯಾಕ್ಸ್‌ವೆಲ್-ಗಾರ್ನೆಟ್ ಫಾರ್ಮುಲಾ ಜರುಗೋದನ್ನ ತೋರಿಸತ್ತೆ, ಅಗಲ ಆಗೋದನ್ನ ತೋರ್ಸಲ್ಲ. ಯಾಕಿರಬಹುದು?

ಪ್ಲಾಸ್ಮಾನ್‌ಪ್ರಿಯ: ಮೊದಲು ಆ ಹೈಫನ್ ತೆಗೀರಿ, ಮ್ಯಾಕ್ಸ್‌ವೆಲ್ ಗಾರ್ನೆಟ್ ಅನ್ನೋದು ಒಬ್ಬರದ್ದೇ ಹೆಸರು, 1904ರ ಥಿಯರಿ 🙂 ಅದು ಪ್ರತಿ ಕಣಾನೂ ಸುತ್ತ ಇನ್ಸುಲೇಟರ್ ಇರೋ ಒಂಟಿ ಗೋಳ ಅಂತ ಅಂದ್ಕೊಳ್ಳತ್ತೆ. ಚಿನ್ನ ತೀರಾ ಕಮ್ಮಿ ಇದ್ರೆ ಲೋಹದ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್‌ನ (ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಹೇಗೆ ಸ್ಪಂದಿಸತ್ತೆ ಅನ್ನೋ ಸಂಖ್ಯೆ) ರಿಯಲ್ ಭಾಗ ಇನ್ಸುಲೇಟರ್‌ದರ ಮೈನಸ್ ಎರಡು ಪಟ್ಟು ಆದಲ್ಲಿ ರೆಸೊನೆನ್ಸ್, ಅಂದ್ರೆ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ಜೋರಾಗಿ ಓಲಾಡಿ ಪೀಕ್ ಬರತ್ತೆ. ಸಿಲಿಕಾದ್ದು 2.1 ಹತ್ರ, ಅಂದ್ರೆ ಚಿನ್ನದ್ದು -4.2 ಆಗ್ಬೇಕು, ಅದು ಹೆಚ್ಚುಕಮ್ಮಿ ನಿಮ್ಮ 530ರ ಹತ್ರಾನೇ ಸಿಗತ್ತೆ. ಆದ್ರೆ ಚಿನ್ನ ಜಾಸ್ತಿ ಆದ್ಮೇಲೆ ಒಂಟಿ ಕಣ ಎಲ್ಲಿರತ್ತೆ? ಎರಡು ಮೂರು ಅಂಟ್ಕೊಂಡಿರತ್ತೆ, ಕೆಲವು ಉದ್ದುದ್ದ ಸರಪಳಿ ಆಗಿರತ್ತೆ, ಒಂದೊಂದು ಆಕಾರಕ್ಕೂ ಒಂದೊಂದು ರೆಸೊನೆನ್ಸ್, ಎಲ್ಲಾ ಸೇರಿ ಅಗಲವಾದ ಗುಡ್ಡ.

ಕೆಂಪುಗಾಜು: ಹಾಗಾದ್ರೆ ಮಿಶ್ರಣಕ್ಕಿರೋ ಇನ್ನೊಂದು ಫಾರ್ಮುಲಾ, ಬ್ರಗ್ಗೆಮನ್, ಹಾಕ್ಲಾ?

ತೆಳುಪದರ: ಅದೂ ಪೂರ್ತಿ ಮದ್ದಲ್ಲ. ಲೋಹ, ಇನ್ಸುಲೇಟರ್ ಎರಡನ್ನೂ ಸರಿಸಮ ನೋಡೋದ್ರಿಂದ ಪರ್ಕೊಲೇಷನ್ (ಲೋಹದ ಕಣಗಳು ಕೂಡ್ಕೊಂಡು ಫಿಲ್ಮ್ ಉದ್ದಕ್ಕೂ ದಾರಿ ಆಗೋದು) ಸಿಗತ್ತೆ, ಗೋಳಗಳಿಗೆ ಲೋಹದ ಪಾಲು ಮೂರರಲ್ಲಿ ಒಂದು ಆದಾಗ, ಆದ್ರೆ ಕಮ್ಮಿ ಲೋಹದಲ್ಲಿ ನೀವು ಕಣ್ಣಾರೆ ನೋಡ್ತಿರೋ ಚೂಪು ಪೀಕನ್ನೇ ಅದು ನುಂಗಿಹಾಕತ್ತೆ. ಇನ್ನೊಂದು, ಕಣದ ಸೈಜ್ ನೋಡಿದೀರಾ? ಸ್ಪಟರ್ ಫಿಲ್ಮ್‌ನಲ್ಲಿ 2-3 ನ್ಯಾನೋಮೀಟರ್ ಕಣ ಮಾಮೂಲು, ಅಷ್ಟು ಚಿಕ್ಕದ್ರಲ್ಲಿ ಎಲೆಕ್ಟ್ರಾನ್ ಗೋಡೆಗೆ ಬಡೀತಾನೇ ಇರತ್ತೆ, ಡ್ಯಾಂಪಿಂಗ್ (ಓಲಾಟ ಬೇಗ ತಣಿಯೋದು) ಜಾಸ್ತಿ, ಹಂಗಾಗಿ ಪುಸ್ತಕದಲ್ಲಿರೋ ಬಲ್ಕ್ (ದೊಡ್ಡ ಗಟ್ಟಿಯ) ಚಿನ್ನದ ಡೇಟಾ ಹಾಗೇ ಹಾಕಿದ್ರೆ ಪೀಕ್ ಸುಳ್ಳು ಸುಳ್ಳೇ ಚೂಪಾಗಿ ಬರತ್ತೆ. ಕಮ್ಮಿ ಚಿನ್ನದ ಫಿಲ್ಮ್ ಒಂದನ್ನ ಅನೀಲ್ ಮಾಡಿ (ಬಿಸಿ ಮಾಡಿಟ್ಟು) ನೋಡಿ, ಕಣ ದೊಡ್ಡದಾಗಿ ಪೀಕ್ ಚೂಪಾದ್ರೆ ಸೈಜ್‌ದೂ ಪಾತ್ರ ಇದೆ ಅಂತ ಗೊತ್ತಾಗತ್ತೆ.

ಪ್ಲಾಸ್ಮಾನ್‌ಪ್ರಿಯ: ಹೌದು, ಜೊತೆಗೆ ಪ್ರತಿ ಫಿಲ್ಮ್‌ನ ರೆಸಿಸ್ಟೆನ್ಸ್ ಅಳೀರಿ. ಅದು ಧಡಕ್ಕಂತ ಬೀಳೋ ಜಾಗದ, ಅಂದ್ರೆ ಪರ್ಕೊಲೇಷನ್‌ನ, ಹತ್ರ ಹತ್ರ ಬಂದ್ರೆ ಮ್ಯಾಕ್ಸ್‌ವೆಲ್ ಗಾರ್ನೆಟ್ ನಂಬ್ಬೇಡಿ. ಅಂದಹಾಗೆ ಆ ಅಗಲ ಎಲ್ಲರಿಗೂ ತಲೆನೋವೇನಲ್ಲ, ಸೋಲಾರ್ ಹೀಟರ್ ಕೋಟಿಂಗ್‌ನಲ್ಲಿ ಮಾಲಿಬ್ಡಿನಮ್-ಅಲ್ಯುಮಿನಾ ಸರ್ಮೆಟ್ (ಸೆರಾಮಿಕ್, ಲೋಹ ಎರಡರ ಮಿಶ್ರಣ) ಹಾಕೋದೇ ಬಿಸಿಲನ್ನ ಅಗಲವಾಗಿ ಹೀರ್ಕೊಳ್ಳಲಿ ಅಂತ.